ಪದ್ಯ ಅರ್ಧಕ್ಕೆ ನಿಂತ ಮೇಲೆ

ರಾತ್ರಿ ಎರಡೂವರೆ ಇರಬೇಕು. ಶಿರಸಿ ಹತ್ತಿರದ ಒಂದು ಊರಲ್ಲಿ ಗದಾಯುದ್ಧ ಯಕ್ಷಗಾನದ ಆಟ, ಪದ್ಯ ಹಾಡುವ ಭಾಗವತ ನಾನು. ಕೌರವ ನೀರಿನಿಂದ ಎದ್ದು ಬರುವ ಹೊತ್ತು, ಚಂಡೆ ಏರಿತ್ತು. ಪದ್ಯ ಎತ್ತಿದೆ, ಬರೀ ಗಾಳಿ ಬಂತು. ಮತ್ತೆ ಎತ್ತಿದೆ, ದನಿ ಒಡೆಯಿತು. ಮದ್ದಲೆಯವರು ಬಗ್ಗಿ, "ಭಾಗ್ವತ್ರೇ, ಸಾಕು, ತಾಳ ಅವನಿಗೆ ಕೊಡಿ" ಅಂದರು. ಸಂಗೀತಗಾರ ಹುಡುಗ, ಅಂದರೆ ನನ್ನ ಕೈಕೆಳಗಿನ ಕಿರಿಯ ಭಾಗವತ, ಮುಂದುವರಿಸಿದ. ನಾನು ಚೌಕಿಯಲ್ಲಿ, ವೇಷ ಕಟ್ಟುವ ಬಿಡಾರದಲ್ಲಿ, ಕೂತು ಅತ್ತೆ.

ಸ್ವರತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ ಅಂದರು ಡಾಕ್ಟರು. ಕೂಗಿ ಕೂಗಿ ಆದದ್ದು. ಮೈಕ್ ಇದ್ದರೂ ಚಂಡೆ ಮಗ್ಗುಲಲ್ಲೇ ಇರುವಾಗ ನಮ್ಮ ದನಿ ನಮಗೇ ಕೇಳುವುದಿಲ್ಲ. ಗೊತ್ತಿಲ್ಲದೇ ಇನ್ನೂ ಜೋರು ಮಾಡುತ್ತೇವೆ.

ಬಾಯಿಮುಚ್ಚಿ ಕೂತ ಆ ದಿನಗಳಲ್ಲಿ ಒಪೆರಾ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕದ ಹಾಡುಗಾರ್ತಿ ಮರಿಯಾ ಕಲಾಸ್ ಬಗ್ಗೆ ಓದಿದೆ. 1958ರ ಜನವರಿ 2, ರೋಮ್. ಸಭೆಯಲ್ಲಿ ಇಟಲಿಯ ಅಧ್ಯಕ್ಷರೇ ಇದ್ದರು. ಮೊದಲ ಅಂಕ ಮುಗಿಸಿದ ಕಲಾಸ್ ದನಿ ಕೈಕೊಟ್ಟಿದ್ದರಿಂದ ಮತ್ತೆ ರಂಗಕ್ಕೆ ಬರಲಿಲ್ಲ. ಜನ ಬೈದರು, ಪತ್ರಿಕೆಗಳೂ ಬೈದವು. ಅದನ್ನು ಓದಿ ನನ್ನ ಎದೆಯ ಭಾರ ಎಷ್ಟೋ ಇಳಿಯಿತು. ನ್ಯೂಯಾರ್ಕಿನಲ್ಲಿ ಹುಟ್ಟಿ, ಅಥೆನ್ಸ್‌ನಲ್ಲಿ ಕಲಿತು, ಮಿಲಾನ್, ಲಂಡನ್, ಬ್ಯೂನಸ್ ಐರಿಸ್ ಎಲ್ಲ ಕಡೆ ಹಾಡಿದವಳು. 1949ರಲ್ಲಿ ವೆನಿಸ್‌ನಲ್ಲಿ ಒಂದೇ ತಿಂಗಳಲ್ಲಿ ಒಪೆರಾ ರಚನೆಕಾರರಾದ ವಾಗ್ನರನ ಭಾರದ ಪಾತ್ರವನ್ನೂ ಬೆಲ್ಲಿನಿಯ ನವಿರು ಪಾತ್ರವನ್ನೂ ಹಾಡಿದಳು. 1965ರಲ್ಲಿ, 41ನೇ ವಯಸ್ಸಿಗೆ, ಅವಳ ಕೊನೆಯ ಒಪೆರಾ ಆಟವೂ ಆಗಿಹೋಯಿತು. ಹಾಗೆ ಯಾಕಾಯಿತು ಅಂತ ಇಂದಿಗೂ ಚರ್ಚೆ ಇದೆ. ದನಿಯನ್ನು ಜಾಸ್ತಿ ದುಡಿಸಿದ್ದೇ ಕಾರಣ ಅಂತ ನನಗನ್ನಿಸುತ್ತದೆ.

ಆದರೆ ಈ ಒಪೆರಾದವರು ಮೈಕ್ ಇಲ್ಲದೆ ಅಷ್ಟು ದೊಡ್ಡ ವಾದ್ಯಮೇಳದ ಮೇಲೆ ಕೇಳಿಸುವುದು ಹೇಗೆ? ಹಾಡುವ ದನಿಯನ್ನು ಅಧ್ಯಯನ ಮಾಡಿದ ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ತೋರಿಸಿದ್ದಾರೆ. ವಾದ್ಯಮೇಳದ ಸದ್ದು ಸುಮಾರು 500 ಹರ್ಟ್ಜ್ (ಸೆಕೆಂಡಿಗೆ 500 ಕಂಪನ) ಹತ್ತಿರ ಅತಿ ಜೋರು, ಅಲ್ಲಿಂದ ಮೇಲೆ ಇಳಿಯುತ್ತ ಹೋಗುತ್ತದೆ. ಪಳಗಿದ ಗಾಯಕರು, ಅದರಲ್ಲೂ ಗಂಡುದನಿಯವರು, ಗಂಟಲಿನ ಒಳಜಾಗವನ್ನು ಹೊಂದಿಸಿಕೊಂಡು 3000 ಹರ್ಟ್ಜ್ ಆಸುಪಾಸಿನಲ್ಲಿ ದನಿಗೆ ಹೊಳಪು ತರುತ್ತಾರೆ. ನಮ್ಮ ಕಿವಿ ಚುರುಕಾಗಿರುವುದೂ ಅಲ್ಲೇ. ಅಂದರೆ ಜೋರು ಬೇಡ, ಕಂಚಿನ ಹಾಗೆ ಮೊಳಗಿದರೆ ಸಾಕು. ಹಳೇ ಭಾಗವತರ ದನಿ ಗದ್ದೆಯಾಚೆಗೆ ಕೇಳುತ್ತಿದ್ದದ್ದು ನೆನಪಾಯಿತು.

ಗಂಟಲು ಸುಧಾರಿಸಿದ ಮೇಲೆ ಕುಮಟಾದಿಂದ ರೈಲು ಹತ್ತಿ ಮಡಗಾಂವ್‌ಗೆ ಹೋಗತೊಡಗಿದೆ. ಅಲ್ಲಿ ಒಬ್ಬ ಟೀಚರ್ ಒಪೆರಾ ಹಾಡುಗಾರಿಕೆ ಕಲಿಸುತ್ತಿದ್ದರು. ಎರಡು ತಿಂಗಳು ಒಂದು ಪದ್ಯ ಹಾಡಲೂ ಬಿಡಲಿಲ್ಲ. ಕೈಯನ್ನು ಕೆಳಗಿನ ಪಕ್ಕೆಲುಬಿನ ಮೇಲೆ ಇಡಿಸಿದರು. ಉಸಿರೆಳೆದಾಗ ಪಕ್ಕೆ ಅರಳಬೇಕು, 'ಸ್ಸ್' ಅಂತ ಉಸಿರು ಬಿಡುವಾಗ ಅದು ಕುಸಿಯಬಾರದು. ಮೊದಲ ದಿನ ಎಣಿಸಿದರೆ ಹನ್ನೆರಡಕ್ಕೇ ಮುಗಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮೂವತ್ತೈದಕ್ಕೆ ಬಂದೆ.

ಇನ್ನೊಂದು ಅಭ್ಯಾಸ ನಮ್ಮ ಮನೆಯ ಮಕ್ಕಳಿಗೂ ಇಷ್ಟ. ಚೊಂಬಿನಲ್ಲಿ ಅರ್ಧ ನೀರು, ಎಳನೀರಿನ ಸ್ಟ್ರಾವನ್ನು ಎರಡು ಬೆರಳು ಮುಳುಗಿಸಿ 'ಊ' ಅಂತ ಶ್ರುತಿ ಹಿಡಿಯುವುದು. ನೀರು ಒಂದೇ ಸಮ ಬುಳುಬುಳು ಅನ್ನಬೇಕು. ಗಂಟಲು ಬಿಗಿಯಾದರೆ ಗುಳ್ಳೆ ತಪ್ಪಿಹೋಗುತ್ತದೆ, ಆಗ ತಪ್ಪು ಕಣ್ಣಿಗೇ ಕಾಣುತ್ತದೆ.

ಶ್ರುತಿಯನ್ನೂ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯಿಂದ ಮೂರನೆಯದಕ್ಕೆ ಇಳಿಸಿದೆ. "ಏರು ಪದ್ಯದಲ್ಲಿ ಮೊದಲಿನ ಗತ್ತು ಇಲ್ಲ" ಅಂದವರಿದ್ದಾರೆ. ಇರಲಿ. ಈಗ ಚೌಕಿಯಲ್ಲಿ ನನ್ನ ಚೀಲದೊಳಗೆ ತಾಳದ ಜೊತೆ ಸ್ಟ್ರಾ ಇರುತ್ತದೆ. ಸಂಗೀತಗಾರ ಹುಡುಗನಿಗೂ ಒಂದು ಕೊಟ್ಟಿದ್ದೇನೆ. ಆಟಕ್ಕೆ ಮುಂಚೆ ಇಬ್ಬರೂ ಎದುರುಬದುರು ಕೂತು ಹತ್ತು ನಿಮಿಷ ಬುಳುಬುಳು ಅನ್ನಿಸಿಯೇ ರಂಗಕ್ಕೆ ಹೋಗುವುದು.