ಬಾವುಟ ಮೊದಲು ಇಳಿಸಿ, ಮೌಲ್ಯ ಆಮೇಲೆ ಓದಿ

ಆಡಿಯೊ ಪ್ಲಗಿನ್ ಬರೆಯಲು ಕಲಿಯುವವರ ಕೋಡ್‌ನಲ್ಲಿ ಒಂದು ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಫಿಲ್ಟರ್‌ನ ಗುಂಡಿ ತಿರುಗಿಸಿ ಬಿಟ್ಟಾಗ ಪರದೆ 800 ಹರ್ಟ್ಸ್ ತೋರಿಸುತ್ತದೆ, ಕಿವಿಗೆ ಮಾತ್ರ ಹಳೆಯ ಸದ್ದೇ ಕೇಳುತ್ತದೆ. ಅಪರೂಪಕ್ಕೊಮ್ಮೆ ಆಗುವುದರಿಂದ ಹಿಡಿಯುವುದೂ ಕಷ್ಟ. ಗುಂಡಿಯನ್ನು ನೋಡಿಕೊಳ್ಳುವುದು ಪರದೆಯ ಥ್ರೆಡ್, ಸದ್ದು ತಯಾರಿಸುವುದು ಆಡಿಯೊ ಥ್ರೆಡ್ (ಥ್ರೆಡ್ ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆ). ಹೊಸ ಮೌಲ್ಯ ಕಳೆದುಹೋಗುವುದು ಇವೆರಡರ ನಡುವೆ.

ಮೊದಲ ಹಂತ: ಕಟಾಫ್‌ಗೆ, ಅಂದರೆ ಫಿಲ್ಟರ್‌ನ ಗಡಿ ಆವರ್ತನಕ್ಕೆ, ಒಂದು ಅಟಾಮಿಕ್ ಫ್ಲೋಟ್ (ಎರಡು ಥ್ರೆಡ್‌ಗಳು ಒಟ್ಟಿಗೆ ಮುಟ್ಟಿದರೂ ಕೆಡದ ಸಂಖ್ಯೆ), ‘ಬದಲಾಗಿದೆ’ ಎನ್ನಲು ಒಂದು ಅಟಾಮಿಕ್ ಬೂಲ್ (ಟ್ರೂ ಅಥವಾ ಫಾಲ್ಸ್). ಈ ಬೂಲ್‌ ನಮ್ಮ ಬಾವುಟ: ಟ್ರೂ ಎಂದರೆ ಏರಿದೆ, ಫಾಲ್ಸ್ ಎಂದರೆ ಇಳಿದಿದೆ. ಮ್ಯೂಟೆಕ್ಸ್, ಅಂದರೆ ಒಂದು ಥ್ರೆಡ್ ಬಳಸುವಾಗ ಇನ್ನೊಂದನ್ನು ಕಾಯಿಸುವ ಬೀಗ, ಬೇಡ. ಸೆಕೆಂಡಿಗೆ 48,000 ಸ್ಯಾಂಪಲ್, ಬಫರ್ (ಒಮ್ಮೆಗೆ ತಯಾರಿಸುವ ಸ್ಯಾಂಪಲ್‌ಗಳ ಕಂತೆ) 128 ಎಂದರೆ ಪ್ರತಿ ಬಫರ್‌ಗೆ ಆಡಿಯೊ ಥ್ರೆಡ್‌ಗೆ ಸಿಗುವುದು ಸುಮಾರು 2.67 ಮಿಲಿಸೆಕೆಂಡ್. ಬೀಗಕ್ಕಾಗಿ ಕಾಯುತ್ತ ಅದು ಮೀರಿದರೆ ‘ಟಪ್’ ಎಂದು ಸದ್ದು ಒಡೆಯುತ್ತದೆ. ಅಟಾಮಿಕ್ ಬದಲು ವೊಲಟೈಲ್ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಸಿ++ನಲ್ಲಿ ಅದು ಥ್ರೆಡ್‌ಗಳಿಗಾಗಿ ಇರುವುದಲ್ಲ.

ಎರಡನೆಯದು: ಪರದೆಯ ಥ್ರೆಡ್ ಮೊದಲು ಮೌಲ್ಯವನ್ನು ಬರೆಯಲಿ, ನಂತರವೇ ರಿಲೀಸ್ ಕ್ರಮದಲ್ಲಿ (ಅದಕ್ಕೂ ಮೊದಲು ಬರೆದದ್ದು ಬಾವುಟದ ಹಿಂದೆ ಉಳಿಯದಂತೆ) ಬಾವುಟ ಏರಿಸಲಿ.

ಮೂರನೆಯದರಲ್ಲಿಯೇ ಎಲ್ಲರೂ ಎಡವುವುದು. ಆಡಿಯೊ ಥ್ರೆಡ್‌ನಲ್ಲಿ ಬಾವುಟ ಏರಿದೆಯೇ ಎಂದು ಲೋಡ್ ಮಾಡಿ (ಓದಿ) ನೋಡುತ್ತಾರೆ, ಕಟಾಫ್ ಓದುತ್ತಾರೆ, ಫಿಲ್ಟರ್‌ನ ಗುಣಾಂಕಗಳನ್ನು (ಸದ್ದನ್ನು ಹೇಗೆ ಬದಲಿಸಬೇಕೆಂದು ನಿರ್ಧರಿಸುವ ಸಂಖ್ಯೆಗಳನ್ನು) ಲೆಕ್ಕ ಹಾಕುತ್ತಾರೆ, ಕೊನೆಗೆ ಬಾವುಟ ಇಳಿಸುತ್ತಾರೆ. ಆಡಿಯೊ ಥ್ರೆಡ್ 790 ಎಂದು ಓದಿಕೊಂಡ ಮೇಲೆ, ಬಾವುಟ ಇಳಿಸುವ ಮುನ್ನ, ಗುಂಡಿ 800ಕ್ಕೆ ಬಂದು ನಿಂತಿತು ಎನ್ನಿ. ಆ ಹೊಸ ಬದಲಾವಣೆಗಾಗಿ ಏರಿದ ಬಾವುಟವನ್ನೂ ಈ ಕೊನೆಯ ಸಾಲು ಅಳಿಸಿಬಿಡುತ್ತದೆ. ಇನ್ನೊಮ್ಮೆ ಗುಂಡಿ ಮುಟ್ಟುವವರೆಗೆ ಫಿಲ್ಟರ್ 790ರಲ್ಲೇ ಉಳಿಯುತ್ತದೆ.

ಆದ್ದರಿಂದ ನೋಡುವುದು, ಇಳಿಸುವುದು ಎರಡೂ ಒಂದೇ ಏಟಿಗೆ ಆಗಬೇಕು: ಹೊಸ ಮೌಲ್ಯ ಹಾಕಿ ಹಳೆಯದನ್ನು ಹಿಂದಿರುಗಿಸುವ ಎಕ್ಸ್‌ಚೇಂಜ್ ಬಳಸಿ, ರಿಲೀಸ್‌ನ ಜೋಡಿಯಾದ ಅಕ್ವೈರ್ ಕ್ರಮದಲ್ಲಿ ಫಾಲ್ಸ್ ಹಾಕಿ. ಹಿಂದಿರುಗಿದ್ದು ಟ್ರೂ ಆಗಿದ್ದರೆ ಮಾತ್ರ ಮೌಲ್ಯ ಓದಿ, ಲೆಕ್ಕ ಮಾಡಿ. ನಡುವೆ ಗುಂಡಿ ತಿರುಗಿದರೆ ಬಾವುಟ ಮತ್ತೆ ಏರಿರುತ್ತದೆ, ಮುಂದಿನ ಬಫರ್‌ನಲ್ಲಿ ಸಿಗುತ್ತದೆ. ಒಮ್ಮೊಮ್ಮೆ ಅದೇ ಲೆಕ್ಕ ಎರಡು ಬಾರಿ ನಡೆಯಬಹುದು. ನಡೆಯಲಿ, ಬದಲಾವಣೆ ಕಳೆದುಹೋಗುವುದಕ್ಕಿಂತ ಅದು ಎಷ್ಟೋ ಮೇಲು.

ಬೈಕ್ವಾಡ್ ಎಂಬ ಬಗೆಯ ಫಿಲ್ಟರ್‌ನ ಐದು ಗುಣಾಂಕಗಳನ್ನು ಪರದೆಯ ಕಡೆಯೇ ಲೆಕ್ಕ ಹಾಕಿ ಐದು ಅಟಾಮಿಕ್‌ಗಳಲ್ಲಿ ಕಳುಹಿಸುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ. ಮೂರು ಹೊಸವು, ಎರಡು ಹಳೆಯವು ಬೆರೆತರೆ ಫಿಲ್ಟರ್ ಅಸ್ಥಿರವಾಗಿ ಕಿರುಚಬಹುದು. ಕಟಾಫ್ ಒಂದನ್ನೇ ಕಳುಹಿಸಿ, ಉಳಿದದ್ದನ್ನು ಆಡಿಯೊ ಥ್ರೆಡ್‌ನಲ್ಲೇ ಲೆಕ್ಕ ಹಾಕಿ. ಹಾಗೆಯೇ ಒಂದು ಬಾವುಟವನ್ನು ಇಳಿಸುವವರು ಒಬ್ಬರೇ ಇರಲಿ. ಅದೇ ಬದಲಾವಣೆ ಪರದೆಯ ಗ್ರಾಫ್‌ಗೂ ಬೇಕಿದ್ದರೆ ಅದಕ್ಕೆ ಬೇರೆ ಬಾವುಟ ಕೊಡಿ.

ಕೊನೆಯದಾಗಿ, ಹೊಸ ಕಟಾಫ್‌ಗೆ ಒಮ್ಮೆಲೇ ಜಿಗಿಯದೆ 20 ಮಿಲಿಸೆಕೆಂಡ್‌ಗಳಲ್ಲಿ ನಿಧಾನವಾಗಿ ಸಾಗಿ.