ಫುಟ್‌ಬಾಲ್ ಆಟಗಾರರಿಂದ ಎಚ್‌ಐವಿ ಜಾಗೃತಿ: ಫೋಟೊಗೆ ಮುಗಿಯದ ಹಾಗೆ ಮಾಡುವುದು ಹೇಗೆ?

ಯುವಕರಲ್ಲಿ ಎಚ್‌ಐವಿ ಜಾಗೃತಿ ಮೂಡಿಸಲು ಫುಟ್‌ಬಾಲ್ ಆಟಗಾರರನ್ನು ಕರೆಸುವುದು ಒಳ್ಳೆಯ ಯೋಚನೆ. ಆದರೆ ಅದು ಹಾಳಾಗುವುದನ್ನು ಬಹಳ ಸಲ ನೋಡಿದ್ದೇನೆ. ಹೆಸರಾಂತ ಆಟಗಾರ ಬರುತ್ತಾನೆ. ಬ್ಯಾನರ್ ಮುಂದೆ ನಿಂತು, ಯಾರೋ ಬರೆದುಕೊಟ್ಟ ನಾಲ್ಕು ಸಾಲು ಓದುತ್ತಾನೆ. ಹುಡುಗರು ಸೆಲ್ಫಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಟೆಸ್ಟ್ ಮಾಡಿಸಲು ಮಾತ್ರ ಯಾರೂ ಹೋಗುವುದಿಲ್ಲ.

ಟೆಸ್ಟ್‌ನಿಂದ, ಚಿಕಿತ್ಸೆಯಿಂದ ಹೆಚ್ಚು ದೂರ ಉಳಿಯುವವರು ಗಂಡಸರೇ. ಹೆಣ್ಣುಮಕ್ಕಳಿಗೆ ಬಸಿರಿನ ಸಮಯದಲ್ಲಾದರೂ ಆಸ್ಪತ್ರೆಯ ಸಂಪರ್ಕ ಬರುತ್ತದೆ, ಅಲ್ಲೇ ಎಚ್‌ಐವಿ ಪರೀಕ್ಷೆಯೂ ಆಗುತ್ತದೆ. ಇಪ್ಪತ್ತರ ಹುಡುಗನಿಗೆ ಅಂಥ ದಾರಿಯೇ ಇಲ್ಲ. ಅವನು ತಪ್ಪದೆ ಹೋಗುವ ಜಾಗ ಆಟದ ಮೈದಾನ. ಹಾಗಾಗಿ ಕೆಲಸ ಅಲ್ಲೇ ಶುರುವಾಗಬೇಕು.

1. ಒಂದೇ ಗುರಿ ಇಟ್ಟುಕೊಳ್ಳಿ

‘ಜಾಗೃತಿ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಈ ಹುಡುಗರು ಟೆಸ್ಟ್ ಮಾಡಿಸಬೇಕು’ ಎಂದು ಬರೆದಿಟ್ಟುಕೊಳ್ಳಿ. ಉಳಿದದ್ದೆಲ್ಲ ಅದರ ಹಿಂದೆ ಬರಲಿ.

2. ಆಟಗಾರನನ್ನು ಆರಿಸಿ

ಹುಡುಗರು ದಿನಾ ನೋಡುವ ಆಟಗಾರನನ್ನೇ ಆರಿಸಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಟಿವಿಯ ತಾರೆ ಬೇಡ ಅಂತಲ್ಲ. ಆತ ಜನ ಸೇರಿಸುತ್ತಾನೆ. ಆದರೆ ವಾರ ಬಿಟ್ಟು ಹುಡುಗನೊಬ್ಬನಿಗೆ ಅನುಮಾನ ಬಂದರೆ ಆ ತಾರೆಯನ್ನು ಎಲ್ಲಿ ಹುಡುಕುವುದು? ಸ್ಥಳೀಯ ಕ್ಲಬ್‌ನ ಹಿರಿಯ ಆಟಗಾರನಾದರೆ ಸಂಜೆ ಮೈದಾನದಲ್ಲೇ ಸಿಗುತ್ತಾನೆ.

2002ರಲ್ಲಿ ಜಿಂಬಾಬ್ವೆಯ ಬುಲವಾಯೊ ನಗರದಲ್ಲಿ ಫುಟ್‌ಬಾಲ್ ಮೂಲಕ ಎಚ್‌ಐವಿ ಬಗ್ಗೆ ತಿಳಿಸುವ ‘ಗ್ರಾಸ್‌ರೂಟ್ ಸಾಕರ್’ ಸಂಸ್ಥೆ ಶುರುವಾಗಿದ್ದು ಈ ನಂಬಿಕೆಯ ಮೇಲೆಯೇ. ಅದನ್ನು ಕಟ್ಟಿದವರಲ್ಲಿ ಟಾಮಿ ಕ್ಲಾರ್ಕ್, ಮೆಥೆಂಬೆ ಎನ್‌ಡ್ಲೊವು, ಈಥನ್ ಝೋನ್ ಅದೇ ನಗರದ ಹೈಲ್ಯಾಂಡರ್ಸ್ ಕ್ಲಬ್‌ಗೆ ಆಡಿದವರು. ಊರಿನ ಹುಡುಗರಿಗೆ ಅವರ ಮುಖ ಗೊತ್ತಿತ್ತು. ಆಮೇಲೆ ಕೋಚ್‌ಗಳಾಗಿ ತರಬೇತಿ ಪಡೆದವರೂ ಆಯಾ ಊರಿನ ಯುವಕರೇ.

ಯಾರು ಸರಿ ಎಂದು ನೀವು ತೀರ್ಮಾನಿಸಬೇಡಿ, ಹುಡುಗರನ್ನೇ ಕೇಳಿ. ‘ಯಾರು ಚೆನ್ನಾಗಿ ಆಡುತ್ತಾರೆ’ ಎಂದಲ್ಲ, ‘ಕಷ್ಟ ಬಂದರೆ ಟೀಮ್‌ನಲ್ಲಿ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ’ ಎಂದು. ಎರಡೂ ಪ್ರಶ್ನೆಗೆ ಒಂದೇ ಹೆಸರು ಬರುವುದು ಅಪರೂಪ. ಎರಡನೆಯದಕ್ಕೆ ಬಂದ ಹೆಸರೇ ನಿಮಗೆ ಬೇಕಾದದ್ದು. ಅವನು ಹೆಣ್ಣುಮಕ್ಕಳ ಬಗ್ಗೆ ಹೇಗೆ ಮಾತಾಡುತ್ತಾನೆ ಎಂಬುದನ್ನೂ ಗಮನಿಸಿ. ಎಷ್ಟು ಜನ ಗೆಳತಿಯರಿದ್ದಾರೆ ಎಂದು ಜಂಬ ಕೊಚ್ಚುವವನು ಎಷ್ಟೇ ಗೋಲು ಹೊಡೆದರೂ ಬೇಡ. ಇಬ್ಬರು ಮೂವರನ್ನು ಆರಿಸಿದರೆ ಒಳ್ಳೆಯದು. ಒಬ್ಬನ ಹೆಸರು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

3. ವಿಷಯ ಕಲಿಸಿ

ಆಟಗಾರನನ್ನು ಎಚ್‌ಐವಿ ಆಪ್ತ ಸಮಾಲೋಚಕರ ಜತೆ ಒಂದು ಮಧ್ಯಾಹ್ನ ಕೂರಿಸಿ. ಅವನು ಡಾಕ್ಟರ್ ಆಗಬೇಕಿಲ್ಲ, ಇಷ್ಟು ತಪ್ಪಿಲ್ಲದೆ ಗೊತ್ತಿದ್ದರೆ ಸಾಕು. ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿನ ರಕ್ತದಿಂದ, ಹಂಚಿಕೊಂಡ ಸೂಜಿಯಿಂದ ಮತ್ತು ತಾಯಿಯಿಂದ ಮಗುವಿಗೆ. ಬೆವರು, ಎಂಜಲು, ನೀರಿನ ಬಾಟಲಿ, ಜೆರ್ಸಿ, ಅಪ್ಪುಗೆಯಿಂದ ಹರಡುವುದಿಲ್ಲ. ಸೋಂಕು ತಗಲಿದ ಕೂಡಲೇ ಟೆಸ್ಟ್‌ನಲ್ಲಿ ಕಾಣುವುದಿಲ್ಲ. ಟೆಸ್ಟ್ ಯಾವುದು ಎಂಬುದರ ಮೇಲೆ ಕೆಲವು ವಾರದಿಂದ ಮೂರು ತಿಂಗಳವರೆಗೂ ಹಿಡಿಯಬಹುದು. ಅಪಾಯ ಆಗಿಹೋಗಿದೆ ಅನಿಸಿದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ, ಸೋಂಕು ತಡೆಯುವ ಔಷಧ ಇದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಈ ಒಂದು ವಿಷಯ ತಿಳಿದರೆ ಹುಡುಗರ ಭಯ ಅರ್ಧ ಇಳಿಯುತ್ತದೆ.

ಇಲ್ಲೇ ಕಾಂಡೋಮ್ ವಿಷಯವೂ ಮುಗಿಸಿಬಿಡಿ. ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬಿಸಿ ಮತ್ತು ತಿಕ್ಕಾಟಕ್ಕೆ ಹಾಳಾಗುತ್ತದೆ. ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಕಾಂಡೋಮ್‌ನ ಲೇಟೆಕ್ಸ್ ರಬ್ಬರು ಹರಿದುಹೋಗುತ್ತದೆ. ಒಂದರ ಮೇಲೊಂದು ಎರಡು ಹಾಕಬಾರದು. ರೋಗಿಗಳ ಭಯಾನಕ ಚಿತ್ರಗಳಿರುವ ಹಳೆಯ ಫ್ಲಿಪ್‌ಚಾರ್ಟ್ ಯಾರಾದರೂ ಕೊಟ್ಟರೆ ವಾಪಸ್ ಕೊಟ್ಟುಬಿಡಿ. ಹೆದರಿದ ಹುಡುಗ ಟೆಸ್ಟ್‌ನಿಂದ ಇನ್ನೂ ದೂರ ಓಡುತ್ತಾನೆ.

4. ಅವನದೇ ಮಾತು ಸಿದ್ಧಪಡಿಸಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ಜಾಸ್ತಿ ಸಮಯವನ್ನು ಇದಕ್ಕೇ ಕೊಡಿ.

ಮೊದಲ ಷರತ್ತು: ಮಾತಾಡುವ ಆಟಗಾರ ಮೊದಲು ತಾನು ಟೆಸ್ಟ್ ಮಾಡಿಸಿರಬೇಕು. ಇದರಲ್ಲಿ ರಾಜಿ ಬೇಡ. ತಾನು ಮಾಡದ್ದನ್ನು ಮಾಡಿ ಎಂದು ಹೇಳುವವನನ್ನು ಹುಡುಗರು ತಕ್ಷಣ ಗುರುತಿಸುತ್ತಾರೆ.

ಆಮೇಲೆ ಅವನ ಅನುಭವವನ್ನು ಐದು ನಿಮಿಷದ ಮಾತಾಗಿ ಕಟ್ಟಬೇಕು. ಕಾಗದ ಬೇಡ. ಮೂರು ಪ್ರಶ್ನೆ ಕೇಳಿ: ಹೋಗಲು ಯಾಕೆ ತಡ ಮಾಡಿದೆ? ಕೊನೆಗೆ ಯಾಕೆ ಹೋದೆ? ಅಲ್ಲಿ ಏನೇನಾಯಿತು? ಉತ್ತರಗಳು ಸಾಮಾನ್ಯವಾಗಿ ಹೀಗಿರುತ್ತವೆ: ‘ಸೂಜಿಗೆ ಹೆದರಲಿಲ್ಲ, ರಿಸಲ್ಟ್‌ಗೆ ಹೆದರಿದೆ. ಗೊತ್ತಿರುವವರು ನೋಡಿದರೆ ಅಂತ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಆಮೇಲೆ ಗೆಳೆಯನ ಜತೆ ಹೋದೆ. ಬೆರಳಿಗೆ ಚುಚ್ಚಿದರು. ಕಾಯುವ ಹೊತ್ತು ಮಾತ್ರ ಕಷ್ಟವಾಯಿತು.’ ಇಷ್ಟೇ ಸಾಕು. ಎದುರಿಗೆ ಕೂತ ಹುಡುಗನೂ ಅದೇ ಬಾಗಿಲಿನಿಂದ ವಾಪಸ್ ಬಂದಿರಬಹುದು.

ಈಗ ಬಹಳ ಸೂಕ್ಷ್ಮವಾದ ವಿಷಯ. ‘ನಾನು ಟೆಸ್ಟ್ ಮಾಡಿಸಿದೆ’ ಎಂದು ಆಟಗಾರ ಹೇಳಲಿ. ‘ನನ್ನದು ನೆಗೆಟಿವ್’ ಎಂದು ಹೇಳುವುದು ಬೇಡ. ಅದಕ್ಕೆ ಚಪ್ಪಾಳೆ ಬಿತ್ತು ಎಂದುಕೊಳ್ಳಿ. ಗುಂಪಿನಲ್ಲಿ ಪಾಸಿಟಿವ್ ಆದ ಹುಡುಗನಿದ್ದರೆ, ಆ ಚಪ್ಪಾಳೆ ತನಗಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಅವನು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ‘ರಿಸಲ್ಟ್ ಏನು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಅದು ನನ್ನ ಮತ್ತು ಡಾಕ್ಟರ್ ನಡುವಿನ ವಿಷಯ, ನಿಮ್ಮದೂ ಹಾಗೇ ಇರುತ್ತದೆ’ ಎಂಬ ಉತ್ತರವನ್ನು ಅಭ್ಯಾಸ ಮಾಡಿಸಿ. ಗುಟ್ಟು ಕಾಪಾಡುವುದು ಹೇಗೆ ಎಂಬ ಪಾಠವೂ ಅದರಲ್ಲೇ ಆಗುತ್ತದೆ.

ಆಟಗಾರ ತಾನೇ ಪಾಸಿಟಿವ್ ಆಗಿದ್ದು, ಬಹಿರಂಗವಾಗಿ ಹೇಳಬೇಕೆಂದರೆ ಅದು ಪೂರ್ತಿ ಅವನ ನಿರ್ಧಾರ. 1991ರ ನವೆಂಬರ್ 7ರಂದು ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ಹಾಗೆ ಹೇಳಿದಾಗ, ಈ ಕಾಯಿಲೆ ತಮ್ಮಂಥವರಿಗೆ ಬರುವುದಿಲ್ಲ ಎಂದುಕೊಂಡಿದ್ದ ಎಷ್ಟೋ ಗಂಡಸರು ಬೆಚ್ಚಿ ಎದ್ದು ಕೂತರು. ಆ ಮಾತಿಗೆ ಅಷ್ಟು ಶಕ್ತಿ ಇದೆ. ಆದರೆ ನಿಮ್ಮ ಕಾರ್ಯಕ್ರಮಕ್ಕಾಗಿ ಯಾರ ಮೇಲೂ ಒತ್ತಡ ಹಾಕಬೇಡಿ. ಒಮ್ಮೆ ಹೇಳಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ.

ಇನ್ನು ಘೋಷಣೆಗಳು. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್ ಸಮಯದಲ್ಲಿ ವಿಶ್ವಸಂಸ್ಥೆಯ ಯುಎನ್‌ಏಡ್ಸ್ ‘ಏಡ್ಸ್‌ಗೆ ರೆಡ್ ಕಾರ್ಡ್ ತೋರಿಸಿ’ ಎಂದು ತಂಡಗಳ ನಾಯಕರ ಬೆಂಬಲ ಕೇಳಿತ್ತು. ಉದ್ದೇಶ ದೊಡ್ಡದು. ಆದರೂ ಚಿಕ್ಕ ಮೈದಾನದಲ್ಲಿ ನಾನು ರೆಡ್ ಕಾರ್ಡ್ ಬಳಸುವುದಿಲ್ಲ. ಸೋಂಕಿರುವ ಹುಡುಗನಿಗೆ, ಹೊರಗೆ ಹಾಕಿದ್ದು ತನ್ನನ್ನೇ ಎಂದು ಕೇಳಿಸಬಹುದು. ಅದೇ ಸಂಸ್ಥೆಯ ‘ಗೋಲು ಕಾಪಾಡಿ’ ಎಂಬ ಮಾತು ನನಗೆ ಹೆಚ್ಚು ಇಷ್ಟ. ಅದರಲ್ಲಿ ಯಾರನ್ನೂ ಆಟದಿಂದ ಹೊರಗೆ ಕಳಿಸುವುದಿಲ್ಲ.

ಮಾತನ್ನು ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಇಬ್ಬರು ಗೆಳೆಯರ ಮುಂದೆ ಆಡಿಸಿ ನೋಡಿ. ‘ಸಾಯ್ತೀರಿ’, ‘ತಪ್ಪು ಮಾಡಿದವರಿಗೆ ಬರುತ್ತೆ’ ಎಂಬಂಥ ಮಾತು ಬಂದರೆ ಅಲ್ಲೇ ತಿದ್ದಿ. ‘ನಿಮ್ಮ ಗೆಳತಿ’ ಬದಲು ‘ನಿಮ್ಮ ಸಂಗಾತಿ’ ಎನ್ನಲಿ. ಗುಂಪಿನಲ್ಲಿ ಹುಡುಗನನ್ನು ಪ್ರೀತಿಸುವ ಹುಡುಗನೂ ಇರುತ್ತಾನೆ, ಅವನಿಗೂ ಈ ಮಾತು ತಲುಪಬೇಕು. ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಗೊತ್ತಿಲ್ಲ, ಅವರನ್ನು ಕೇಳೋಣ’ ಎಂದು ಸಮಾಲೋಚಕರ ಕಡೆ ತಿರುಗಲಿ.

ಪ್ರಶ್ನೆಗಳನ್ನು ಚೀಟಿಯಲ್ಲಿ ತೆಗೆದುಕೊಳ್ಳಿ. ಪ್ರಶ್ನೆ ಇಲ್ಲದವರೂ ಏನಾದರೂ ಬರೆದು ಹಾಕಲಿ. ಎಲ್ಲರ ಕೈಯಲ್ಲೂ ಪೆನ್ ಇದ್ದರೆ, ಬರೆಯುತ್ತಿರುವವನು ಯಾರು ಎಂದು ಯಾರೂ ನೋಡುವುದಿಲ್ಲ.

5. ಆಡಿಸಿ

ಭಾಷಣ ಐದು ನಿಮಿಷ, ಉಳಿದದ್ದು ಆಟ. ಗ್ರಾಸ್‌ರೂಟ್ ಸಾಕರ್‌ನವರ ಒಂದು ಆಟ ನನಗೆ ಬಹಳ ಹಿಡಿಸಿದೆ. ಮೈದಾನದಲ್ಲಿ ಕೋನ್‌ಗಳನ್ನು ಇಡುತ್ತಾರೆ. ಒಂದೊಂದು ಕೋನ್ ಒಂದೊಂದು ಅಪಾಯ: ಕಾಂಡೋಮ್ ಇಲ್ಲದ ಸಂಪರ್ಕ, ಹಲವು ಸಂಗಾತಿಗಳು, ಕುಡಿತ. ಹುಡುಗರು ಚೆಂಡನ್ನು ಅವುಗಳ ನಡುವೆ ಡ್ರಿಬಲ್ ಮಾಡಬೇಕು. ಮೊದಲ ಸುತ್ತಿನಲ್ಲಿ ಕೋನ್ ತಾಗಿಸಿದವನು ಪುಷ್‌ಅಪ್ ಹೊಡೆಯುತ್ತಾನೆ. ಮುಂದಿನ ಸುತ್ತಿನಲ್ಲಿ ಅವನ ಇಡೀ ಟೀಮ್. ಕೊನೆಗೆ ಅಲ್ಲಿರುವ ಎಲ್ಲರೂ. ಒಬ್ಬನ ಎಡವಟ್ಟು ಎಷ್ಟು ಜನಕ್ಕೆ ತಟ್ಟುತ್ತದೆ ಎಂಬುದು ತೋಳು ನೋಯುವಾಗ ಅರ್ಥವಾಗುತ್ತದೆ. ಆಟ ಮುಗಿದ ಕೂಡಲೇ ಗುಂಪಾಗಿ ಕೂತು ಮಾತಾಡಿ. ಇದನ್ನು ಬಿಟ್ಟರೆ ಅದು ಸುಮ್ನೆ ವಾರ್ಮ್‌ಅಪ್ ಅಷ್ಟೇ.

ರಕ್ತದ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಫುಟ್‌ಬಾಲ್ ನಿಯಮದಲ್ಲೇ ಉತ್ತರವಿದೆ: ರಕ್ತ ಸುರಿಯುತ್ತಿರುವ ಯಾವ ಆಟಗಾರನೇ ಆಗಲಿ, ಹೊರಗೆ ಹೋಗಿ, ರಕ್ತ ನಿಂತ ಮೇಲೆ ರೆಫರಿ ಸೂಚನೆ ಕೊಟ್ಟಾಗ ಮರಳಬೇಕು. ನಿಯಮ ಎಲ್ಲರಿಗೂ ಒಂದೇ. ಯಾರಿಗೆ ಸೋಂಕಿದೆ ಎಂದು ತಿಳಿಯುವ ಅಗತ್ಯವೇ ಇಲ್ಲ.

6. ಟೆಸ್ಟ್‌ವರೆಗೆ ಜತೆಗೆ ಹೋಗಿ

ವಿಳಾಸದ ಚೀಟಿ ಕೊಟ್ಟು ಕಳಿಸಿದರೆ ಸಾಲದು. ಬುಲವಾಯೊದಲ್ಲಿ ಸುನ್ನತಿಯ ಬಗ್ಗೆ ಹೀಗೆ ಜತೆಗೆ ನಿಲ್ಲುವ ಕೆಲಸ ನಡೆಯಿತು. ಸುನ್ನತಿಯಾದ ಗಂಡಸರಿಗೆ ಹೆಣ್ಣಿನಿಂದ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 60ರಷ್ಟು ಕಡಿಮೆ. ಸೋಂಕು ಜಾಸ್ತಿ ಇರುವ ದೇಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಶಿಫಾರಸು ಮಾಡಿತು. ಕಾಂಡೋಮ್ ಆಮೇಲೂ ಬೇಕು. ಅಲ್ಲಿ ಸ್ವತಃ ಸುನ್ನತಿ ಮಾಡಿಸಿಕೊಂಡ ಕೋಚ್‌ಗಳು ತಮ್ಮ ಅನುಭವ ಹೇಳಿದರು, ಆಮೇಲೆ ಫೋನ್ ಮಾಡಿ ವಿಚಾರಿಸಿದರು. ನೀವೂ ಆಟಗಾರನಿಂದ ಫೋನ್ ಮಾಡಿಸಿ. ಹುಡುಗ ಒಪ್ಪಿದರೆ ಕ್ಲಿನಿಕ್‌ವರೆಗೂ ಜತೆಗೆ ಕಳಿಸಿ.

ಮೈದಾನದ ಪಕ್ಕದಲ್ಲೇ ಟೆಂಟ್ ಹಾಕಿ ಸಾಲು ನಿಲ್ಲಿಸಬೇಡಿ. ಒಳಗೆ ಹೋದವನು ಎಷ್ಟು ಹೊತ್ತಿಗೆ ಹೊರಗೆ ಬಂದ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಟೀಮ್ ಆಯ್ಕೆಗೂ ಟೆಸ್ಟ್‌ಗೂ ಗಂಟು ಹಾಕಬೇಡಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ, ಅನುಮೋದನೆ ಇಲ್ಲದ ಕಿಟ್ ಹಂಚಬೇಡಿ. ಸರಿಯಾದ ಕಿಟ್‌ನಲ್ಲಿ ಪಾಸಿಟಿವ್ ಬಂದರೂ ಕ್ಲಿನಿಕ್‌ನಲ್ಲಿ ಖಚಿತಪಡಿಸಲೇಬೇಕು. ಚಿಕ್ಕ ವಯಸ್ಸಿನವರ ಒಪ್ಪಿಗೆಯ ನಿಯಮವನ್ನು ಕ್ಲಿನಿಕ್‌ನವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

7. ಲೆಕ್ಕ ಇಡಿ

ಎಷ್ಟು ಜನ ಟೆಸ್ಟ್‌ಗೆ ಬಂದರು ಎಂಬ ಸಂಖ್ಯೆಯನ್ನು ಮಾತ್ರ ಕ್ಲಿನಿಕ್‌ನಿಂದ ಪಡೆಯಿರಿ. ಹೆಸರು, ರಿಸಲ್ಟ್ ಕೇಳಬೇಡಿ. ಯಾವನಾದರೂ ಹುಡುಗ ತಾನಾಗಿ ಆಟಗಾರನ ಹತ್ತಿರ ಬಂದು ‘ನನ್ನದು ಪಾಸಿಟಿವ್’ ಎಂದು ಹೇಳಿಕೊಂಡರೆ, ಅದು ಆ ಆಟಗಾರನಲ್ಲೇ ಉಳಿಯಬೇಕು. ಕೋಚ್‌ಗೂ ಬೇಡ, ನಿಮಗೂ ಬೇಡ. ಚಿಕಿತ್ಸೆ ತಡವಾಗದ ಹಾಗೆ ಅವನ ಜತೆ ಹೋಗುವುದು ಆಟಗಾರನ ಕೆಲಸ. ಆ ಹುಡುಗನ ಹೆಸರು ಮುಂದಿನ ಪಂದ್ಯದ ಪಟ್ಟಿಯಲ್ಲಿ ಎಂದಿನಂತೆ ಇರಲಿ. ಚಿಕಿತ್ಸೆಯಲ್ಲಿದ್ದು ಆರೋಗ್ಯವಾಗಿರುವವನು ಪೂರ್ತಿ 90 ನಿಮಿಷ ಆಡಬಲ್ಲ.