ಫಿಲ್ಟರಿನ ಫೋಟೋ ಕೇಳಿ ಕಾಫಿ ಪುಡಿ ಮಾರಿದ ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಅಂಗಡಿಯಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ ಮಾರುವ ಕೆಲಸ ತಂದೆಯವರ ಕಾಲದಿಂದ ನಡೆದುಬಂದಿದೆ. ವಾರದ ಕೊನೆಯಲ್ಲಿ ಮುಳ್ಳಯ್ಯನಗಿರಿಗೆ ಬಂದವರು ಕಾಲು ಕೆ.ಜಿ., ಅರ್ಧ ಕೆ.ಜಿ. ಕಟ್ಟಿಸಿಕೊಂಡು ಹೋಗುತ್ತಾರೆ, ಅದು ಮುಗಿದ ಮೇಲೆ ತಮ್ಮ ಊರಿನ ಅಂಗಡಿಗೇ ಮರಳುತ್ತಾರೆ. ಈ ಗಿರಾಕಿಗಳನ್ನು ಮೊಬೈಲ್ ಮೂಲಕ ಉಳಿಸಿಕೊಳ್ಳುತ್ತೇನೆಂದು ನಾನು ಹೊರಟಾಗ ಮನೆಯಲ್ಲಾಗಲಿ ಪೇಟೆಯಲ್ಲಾಗಲಿ ಯಾರೂ ನಂಬಲಿಲ್ಲ. ಮೊದಲ ಒಂದೂವರೆ ವರ್ಷ ಅವರ ಮಾತೇ ನಿಜವಾಯಿತು.

ಎಲ್ಲರಂತೆ ನಾನೂ ರೀಲ್ಸ್‌ನಿಂದ ಆರಂಭಿಸಿದೆ. ಗಿರಿಯ ಮೇಲೆ ಮಂಜು ಸರಿಯುವ ಒಂದು ವಿಡಿಯೋವನ್ನು ಸುಮಾರು 2 ಲಕ್ಷ ಜನ ನೋಡಿದರು. ಆದರೆ ಬಂದ ಸಂದೇಶಗಳಲ್ಲಿ ಹೆಚ್ಚಿನವು ಹೋಂಸ್ಟೇ ಬಾಡಿಗೆ ಎಷ್ಟು, ಮೇಲಿನವರೆಗೆ ಕಾರು ಹೋಗುತ್ತದೆಯೇ ಎಂದು ಕೇಳುವಂಥವು. ಮಾರಾಟವಾದದ್ದು ನಾಲ್ಕೋ ಐದೋ ಪ್ಯಾಕೆಟ್. ವಿಡಿಯೋಗಳನ್ನು ಹಣ ಕೊಟ್ಟು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್‌ಗೆಂದು ಹದಿನೆಂಟು ಸಾವಿರ ರೂಪಾಯಿಯಷ್ಟು ಸುರಿದೆ. ಸ್ನೇಹಿತರನ್ನು ಟ್ಯಾಗ್ ಮಾಡಿದವರಿಗೆ ಉಚಿತ ಪುಡಿ ಎಂದು ಪ್ರಕಟಿಸಿದಾಗ ಫಾಲೋವರ್‌ಗಳು ಮೂರು ಸಾವಿರ ಹೆಚ್ಚಿದರು, ಆದರೆ ಅವರಲ್ಲಿ ಹಣ ಕೊಟ್ಟು ಕೊಂಡವರು ಬೆರಳೆಣಿಕೆಯಷ್ಟು. ಪಾರ್ಸೆಲ್ ಕೈಸೇರಿದ ಮೇಲೆ ಹಣ ಕೊಡುವ ಏರ್ಪಾಡು ಇನ್ನೂ ದುಬಾರಿಯಾಯಿತು: ಹತ್ತರಲ್ಲಿ ಮೂರು ಪಾರ್ಸೆಲ್‌ಗಳು ಹಿಂತಿರುಗುತ್ತಿದ್ದವು, ಎರಡೂ ಕಡೆಯ ಕೊರಿಯರ್ ವೆಚ್ಚ ನಮ್ಮ ಮೇಲೆಯೇ ಬೀಳುತ್ತಿತ್ತು, ಮತ್ತು ಹತ್ತು ಹನ್ನೆರಡು ದಿನ ಅಲೆದು ಪರಿಮಳ ಕಳೆದುಕೊಂಡ ಪುಡಿಯನ್ನು ಮತ್ತೊಬ್ಬರಿಗೆ ಮಾರಲು ನನಗೆ ಮನಸ್ಸು ಬರಲಿಲ್ಲ. ಎಲ್ಲ ಸೇರಿ ನಲವತ್ತು ಸಾವಿರ ಕೈಬಿಟ್ಟಿತು.

ಬಿಲ್ ಪುಸ್ತಕದಲ್ಲಿದ್ದ ಇನ್ನೂರ ನಲವತ್ತು ಸಂಖ್ಯೆಗಳಿಗೆ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ (ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಪ್ರತ್ಯೇಕವಾಗಿ ಕಳುಹಿಸುವ ಸೌಲಭ್ಯ) ಕಳುಹಿಸಿದಾಗ ಅದು ತಲುಪಿದ್ದು ಮೂವತ್ತು ಚಿಲ್ಲರೆ ಮಂದಿಗೆ ಮಾತ್ರ. ನಮ್ಮ ಸಂಖ್ಯೆಯನ್ನು ಸೇವ್ ಮಾಡಿಕೊಂಡವರಿಗಷ್ಟೇ ಅದು ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಒಂದು ಪ್ಯಾಕೆಟ್ ಕೊಂಡವರು ಯಾವ ಕಾರಣಕ್ಕಾಗಿ ನಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳಬೇಕು ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಆ ಕಾರಣ ಧಾರವಾಡದಿಂದ ಬಂದ ಒಂದು ದೂರಿನಲ್ಲಿ ಸಿಕ್ಕಿತು. "ಅಣ್ಣಾರ, ರಾತ್ರಿ ಹಾಕಿದ ನೀರು ಮುಂಜಾನಿಗೂ ಹಂಗ ಐತ್ರಿ" ಎಂದು ಹಿರಿಯ ಮಹಿಳೆಯೊಬ್ಬರು ಬರೆದಿದ್ದರು. ಹಣ ಹಿಂತಿರುಗಿಸುವ ಮೊದಲು ಫಿಲ್ಟರಿನ ಫೋಟೋ ಕಳುಹಿಸುವಂತೆ ಕೇಳಿಕೊಂಡೆ. ನೀರು ಬಸಿದು ತೆಗೆದ ಆ ಫೋಟೋದಲ್ಲಿ ಪುಡಿಯ ಮೇಲ್ಮೈ ಹಲಗೆಯಂತೆ ನುಣ್ಣಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಹೆಬ್ಬೆರಳಿನ ಗುರುತೂ ಕಾಣುತ್ತಿತ್ತು. ಚಿಕೋರಿ ಬೆರೆತ ಸಣ್ಣ ಪುಡಿಯನ್ನು ಅಷ್ಟು ಒತ್ತಿದರೆ ನೀರು ಇಳಿಯುವುದಾದರೂ ಹೇಗೆ? ಪುಡಿಯನ್ನು ಸಡಿಲವಾಗಿ ಹಾಕಿ, ಪುಡಿಯ ಮೇಲಿಡುವ ತೂತಿನ ಬಿಲ್ಲೆಯನ್ನು ಒತ್ತದೆ ಸುಮ್ಮನೆ ಇಟ್ಟು, ಕುದಿದ ನೀರನ್ನು ಮೊದಲು ಸ್ವಲ್ಪ ಸುರಿದು ಅರ್ಧ ನಿಮಿಷ ಬಿಡಿ ಎಂದು ಧ್ವನಿಸಂದೇಶ ಕಳುಹಿಸಿದೆ. ಮರುದಿನ ಬೆಳಿಗ್ಗೆ ಲೋಟದಲ್ಲಿ ಕಪ್ಪಗೆ ಇಳಿದ ಡಿಕಾಕ್ಷನ್ನಿನ ಫೋಟೋ ಬಂತು, ಜೊತೆಗೆ ಒಂದು ಕೆ.ಜಿ.ಗೆ ಆರ್ಡರ್, ವಾರದೊಳಗೆ ಅದೇ ಬೀದಿಯ ಇನ್ನೂ ಮೂರು ಮನೆಯವರು ಸಂಪರ್ಕಿಸಿದರು.

ಮರುವಾರವೇ "ಡಿಕಾಕ್ಷನ್ ಸರಿಯಾಗಿ ಇಳಿಯದಿದ್ದರೆ ಫೋಟೋ ಕಳುಹಿಸಿ" ಎಂಬ ಸ್ಟಿಕ್ಕರನ್ನು ಪ್ರತಿ ಪ್ಯಾಕೆಟ್ಟಿಗೂ ಅಂಟಿಸಿದೆ. ಸಾವಿರ ಸ್ಟಿಕ್ಕರಿಗೆ ಏಳುನೂರು ರೂಪಾಯಿ ಆಗಿದ್ದಿರಬೇಕು. "ಪುಡಿ ಮಾರೋದು ಬಿಟ್ಟು ಊರವರ ಫಿಲ್ಟರ್ ನೋಡ್ತಾ ಕೂರ್ತೀಯೇನೋ?" ಎಂದು ಅಣ್ಣ ರೇಗಿದ. ನಾನು ಕೂತೆ. ದಿನಕ್ಕೆ ಐದಾರು ಫೋಟೋಗಳು ಬರತೊಡಗಿದವು. ಉತ್ತರ ಪಡೆದವರು ಸಂಖ್ಯೆಯನ್ನು ತಾವಾಗಿಯೇ ಉಳಿಸಿಕೊಂಡರು. ಇನ್ನು ಕೆಲವರು ಉಳಿಸಿಕೊಳ್ಳುವಂತೆ ಮಾಡಲು ನಾನು ಧ್ವನಿಸಂದೇಶದ ಕೊನೆಯಲ್ಲಿ ಒಂದು ಮಾತು ಸೇರಿಸುತ್ತೇನೆ, ಅದು ನನ್ನಲ್ಲಿಯೇ ಇರಲಿ. ಪದೇಪದೇ ಬರುವ ತೊಂದರೆಗಳನ್ನು ಅಮ್ಮನ ಹಿತ್ತಾಳೆ ಫಿಲ್ಟರ್ ಇಟ್ಟುಕೊಂಡು, ಸಂಗೀತ ಹಾಕದೆ, ಹನಿ ಬೀಳುವ ಸದ್ದಷ್ಟೇ ಕೇಳುವಂತೆ ಚಿತ್ರೀಕರಿಸಿದೆ. ನೋಡುವವರು ಎರಡು ಮೂರು ಸಾವಿರ ಮಾತ್ರ, ಆದರೆ ಪ್ರತಿ ವಿಡಿಯೋಗೂ ಹದಿನೈದರಿಂದ ಇಪ್ಪತ್ತು ಆರ್ಡರ್‌ಗಳು ಬಂದವು. ಈಗ ಮಂಗಳವಾರ ಸಂಜೆಯವರೆಗೆ ಹಣ ಕಳುಹಿಸಿದವರಿಗೆ ಮಾತ್ರ ಬುಧವಾರ ಬೀಜ ಹುರಿಯುತ್ತೇನೆ, ಆದ್ದರಿಂದ ಹಳೆಯ ಪುಡಿ ಉಳಿಯುವ ಪ್ರಶ್ನೆಯೇ ಇಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ, ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿ ಹೂ ಅರಳುತ್ತದಲ್ಲವೇ? ಪರಿಚಯದವರ ತೋಟದ ಮೊಗ್ಗನ್ನು ದಿನಕ್ಕೊಮ್ಮೆ ಸ್ಟೇಟಸ್‌ನಲ್ಲಿ ತೋರಿಸಿ, ಅರಳುವ ದಿನವನ್ನು ಊಹಿಸುವಂತೆ ಕೇಳಿದೆ. ಮುನ್ನೂರರಷ್ಟು ಉತ್ತರಗಳು ಬಂದವು. ಬರೆದವರಲ್ಲಿ ಅನೇಕರು ಬೆಂಗಳೂರು ಸೇರಿರುವ ಮಲೆನಾಡಿನ ತೋಟದ ಮನೆಗಳವರು; ಇಂದಿಗೂ ನನ್ನಿಂದ ತಪ್ಪದೆ ಪುಡಿ ತರಿಸಿಕೊಳ್ಳುತ್ತಿರುವವರು ಅವರೇ.

2025ರ ಆರಂಭದಲ್ಲಿ ಬೀಜದ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿದಾಗ, ಚಿಕೋರಿಯ ಪಾಲನ್ನು ಹೆಚ್ಚಿಸದೆ ಪುಡಿಯ ಬೆಲೆಯನ್ನೇ ಏರಿಸುತ್ತಿದ್ದೇನೆಂದು ಎಲ್ಲರಿಗೂ ನೇರವಾಗಿ ಬರೆದೆ. ಬಿಟ್ಟುಹೋದವರು ಹತ್ತು ಹನ್ನೆರಡು ಮಂದಿ ಮಾತ್ರ. ಈಗ ತಿಂಗಳಿಗೆ ತೊಂಬತ್ತು ಕೆ.ಜಿ.ಯಷ್ಟು ಪುಡಿ ಮೊಬೈಲ್ ಮೂಲಕವೇ ಹೋಗುತ್ತಿದೆ; ಜಾಹೀರಾತಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡುತ್ತಿಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗೆ ಬರುವ ಫಿಲ್ಟರ್ ಫೋಟೋಗಳಿಗೆ ಈಗ ಅಣ್ಣನೇ ಉತ್ತರ ಕೊಡುತ್ತಾನೆ.